ಬ್ಲಾಕ್ ಇಲ್ಲ, ಆದರೂ ಹೃದಯದ ಗೋಡೆ ದಪ್ಪಗಾಗಿದೆ: ಪೆಡಸಾದ ರಕ್ತನಾಳಗಳ ಬಗ್ಗೆ

(ಹಿರಿಯರ ಸಂಘವೊಂದರ ತಿಂಗಳ ಕಾರ್ಯಕ್ರಮದಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಸ್ವಲ್ಪ ಒಪ್ಪ ಮಾಡಿದ್ದೇನೆ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಹೃದಯದ ವಿಷಯ ಎತ್ತಿದರೆ ನಮ್ಮಲ್ಲಿ ಮೊದಲು ಬರುವ ಮಾತು ಬ್ಲಾಕ್. "ಎಷ್ಟು ಪರ್ಸೆಂಟ್ ಬ್ಲಾಕ್ ಅಂತೆ?" "ಸ್ಟೆಂಟ್ ಎಷ್ಟು ಹಾಕಿದರು?" ಮದುವೆ ಊಟದ ಪಂಕ್ತಿಯಲ್ಲೂ ಇದೇ ಮಾತು. ಆಂಜಿಯೋಗ್ರಾಮ್ ಮಾಡಿಸಿ ಬ್ಲಾಕ್ ಇಲ್ಲ ಅಂತ ಗೊತ್ತಾದರೆ ಮುಗಿಯಿತು, ಫೈಲು ಬೀರು ಸೇರುತ್ತದೆ.

ಬ್ಲಾಕ್ ಇಲ್ಲದಿರುವುದು ಒಳ್ಳೆಯದೇ. ಆದರೆ ಆಂಜಿಯೋಗ್ರಾಮ್ ನೋಡುವುದು ನಾಳದ ಒಳಗಿನ ದಾರಿಯನ್ನು. ಎಲ್ಲಿ ಅಗಲ ಇದೆ, ಎಲ್ಲಿ ಕಿರಿದಾಗಿದೆ ಅನ್ನುವುದನ್ನು. ನಾಳದ ಗೋಡೆ ಎಷ್ಟು ಪೆಡಸಾಗಿದೆ ಅನ್ನುವುದು ಅದರಲ್ಲಿ ಕಾಣುವುದಿಲ್ಲ. ದಾರಿ ಕಟ್ಟುವುದು ಬೇರೆ, ಗೋಡೆ ಪೆಡಸಾಗುವುದು ಬೇರೆ. ಎರಡೂ ಒಟ್ಟಿಗೆ ಬರುವುದುಂಟು. ದಾರಿ ಸಲೀಸಾಗಿದ್ದು ಗೋಡೆ ಮಾತ್ರ ಪೆಡಸಾಗಿರುವವರೂ ಬೇಕಾದಷ್ಟು ಜನ ಇದ್ದಾರೆ. ಆ ಪೆಡಸುತನ ವರ್ಷಗಟ್ಟಲೆ ಕೂತು ಹೃದಯದ ಆಕಾರವನ್ನೇ ಬದಲಾಯಿಸುತ್ತದೆ. ಇವತ್ತು ನಾನು ಹೇಳಬೇಕೆಂದಿರುವುದು ಇದನ್ನೇ.

ಒಂದು ಎಕೋ ರಿಪೋರ್ಟ್, ಅಂದರೆ ಹೃದಯದ ಸ್ಕ್ಯಾನ್ ವರದಿ, ಇಟ್ಟುಕೊಂಡು ಶುರು ಮಾಡೋಣ. ಇದು ಯಾರದ್ದೂ ಅಲ್ಲ, ವಿವರಿಸಲಿಕ್ಕೆ ನಾನೇ ಬರೆದುಕೊಂಡದ್ದು. ಆದರೆ ಇಂಥದ್ದು ನಿಮ್ಮಲ್ಲಿ ಕೆಲವರ ಮನೆಯಲ್ಲಿ ಖಂಡಿತ ಇರುತ್ತದೆ. 66 ವರ್ಷದ ಹೆಂಗಸು. ಬಿಪಿ 164/72. ಎರಡು ಮಹಡಿ ಹತ್ತಿದರೆ ಏದುಸಿರು. ರಿಪೋರ್ಟಿನ ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದೆ: "ನೋ ಆರ್‌ಡಬ್ಲ್ಯುಎಂಎ, ಗುಡ್ ಎಲ್‌ವಿ ಫಂಕ್ಷನ್, ಇಎಫ್ 62%." ಅಂದರೆ ಹೃದಯದ ಗೋಡೆಯ ಯಾವ ಭಾಗದ ಚಲನೆಯೂ ಕುಂದಿಲ್ಲ, ಕೋಣೆಯಲ್ಲಿ ತುಂಬಿದ ರಕ್ತದಲ್ಲಿ 62% ಪ್ರತಿ ಬಡಿತಕ್ಕೆ ಹೊರಗೆ ಹೋಗುತ್ತಿದೆ (ಇಎಫ್ ಅಂದರೆ ಈ ಪಾಲು). ಮನೆಯವರು ಓದುವುದು ಆ ಸಾಲನ್ನು ಮಾತ್ರ. ಪಂಪ್ ಚೆನ್ನಾಗಿದೆ ಅಂತ ಸಮಾಧಾನ ಮಾಡಿಕೊಳ್ಳುತ್ತಾರೆ. ಹಾಗಾದರೆ ಏದುಸಿರು ಯಾಕೆ? "ವಯಸ್ಸಾಯ್ತಲ್ಲ" ಅನ್ನುತ್ತಾರೆ.

ಸ್ವಲ್ಪ ಮೇಲಿನ ಸಾಲುಗಳಿಗೆ ಹೋಗೋಣ. ಎಲ್‌ವಿ ಅಂದರೆ ಹೃದಯದ ಎಡಗಡೆಯ ಕೆಳಕೋಣೆ. ಇಡೀ ಮೈಗೆ ರಕ್ತ ತಳ್ಳುವುದು ಅದೇ. ಐವಿಎಸ್ ಅಂದರೆ ಎಡ-ಬಲ ಕೋಣೆಗಳ ನಡುವಿನ ಗೋಡೆ. ಈ ರಿಪೋರ್ಟಿನಲ್ಲಿ ಅದು 12 ಮಿಲಿಮೀಟರ್ ದಪ್ಪ. ಹಿಂದಿನ ಗೋಡೆಯೂ 12. ಹೆಂಗಸರಲ್ಲಿ ಇದು 9ರ ಒಳಗಿರಬೇಕು, ಗಂಡಸರಲ್ಲಿ 10ರ ಒಳಗೆ. ಕೋಣೆಯ ಒಳಗಿನ ಅಡ್ಡಳತೆ 42 ಮಿಲಿಮೀಟರ್. ಅದು ಸರಿಯಾಗೇ ಇದೆ. ಕೋಣೆ ಹಿಗ್ಗಿಲ್ಲ, ಗೋಡೆ ಮಾತ್ರ ದಪ್ಪಗಾಗಿದೆ.

ಈಗ ಒಂದು ಸಣ್ಣ ಲೆಕ್ಕ. ಹಿಂದಿನ ಗೋಡೆಯ ದಪ್ಪವನ್ನು ಎರಡರಿಂದ ಗುಣಿಸಿ ಕೋಣೆಯ ಅಡ್ಡಳತೆಯಿಂದ ಭಾಗಿಸಿ. 24ನ್ನು 42ರಿಂದ ಭಾಗಿಸಿದರೆ 0.57. ಇದು 0.42 ದಾಟಬಾರದು. ಇವೇ ಅಳತೆಗಳಿಂದ ಎಡ ಕೋಣೆಯ ಸ್ನಾಯುವಿನ ತೂಕವನ್ನೂ ಲೆಕ್ಕ ಹಾಕಬಹುದು. ಇಲ್ಲಿ ಸುಮಾರು 178 ಗ್ರಾಂ ಬರುತ್ತದೆ. ಮೈಯ ಮೇಲ್ಮೈ 1.6 ಚದರ ಮೀಟರ್ ಅಂತ ಇಟ್ಟುಕೊಂಡರೆ ಚದರ ಮೀಟರಿಗೆ 111 ಗ್ರಾಂ ಆಯಿತು. ಹೆಂಗಸರಿಗೆ ಗಡಿ 95, ಗಂಡಸರಿಗೆ 115. ತೂಕವೂ ಜಾಸ್ತಿ, ಗೋಡೆಯೂ ದಪ್ಪ, ಕೋಣೆ ಮಾತ್ರ ಹಿಗ್ಗಿಲ್ಲ. ಇದನ್ನೇ ಕಾನ್ಸೆಂಟ್ರಿಕ್ ಹೈಪರ್‌ಟ್ರೋಫಿ ಅನ್ನುವುದು. ಪಕ್ಕದಲ್ಲಿ "ಗ್ರೇಡ್ 1 ಡಯಾಸ್ಟಾಲಿಕ್ ಡಿಸ್‌ಫಂಕ್ಷನ್" ಅಂತಲೂ ಬರೆದಿರುತ್ತದೆ. ಹೃದಯ ಹಿಂಡುವುದು ಚೆನ್ನಾಗಿದೆ, ಸಡಿಲವಾಗುವುದು ಸರಿಯಿಲ್ಲ ಅಂತ ಅದರ ಅರ್ಥ.

ಗೋಡೆ ದಪ್ಪವಾಗಲು ಬೇರೆ ಕಾರಣಗಳೂ ಇವೆ. ಎಡ ಕೋಣೆಯಿಂದ ರಕ್ತ ಹೊರಹೋಗುವ ಅಯೋರ್ಟಿಕ್ ಕವಾಟ ಕಿರಿದಾಗಿರಬಹುದು, ವಂಶದಿಂದ ಬಂದ ಸ್ನಾಯುವಿನ ಕಾಯಿಲೆ ಇರಬಹುದು. ಅದನ್ನೆಲ್ಲ ವೈದ್ಯರು ನೋಡುತ್ತಾರೆ. ಈ ರಿಪೋರ್ಟಿನಲ್ಲಿ ಸುಳಿವು ಇರುವುದು ಬಿಪಿಯಲ್ಲಿ. 164/72.

ಆ ಎರಡು ಸಂಖ್ಯೆಗಳ ನಡುವಿನ ಅಂತರ ನೋಡಿ. 92! ಬಿಪಿ 124/92 ಇರುವ ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸಿ. ಸರಾಸರಿ ಒತ್ತಡ ಅಂದಾಜಿಸಲು ಒಂದು ಸುಲಭದ ದಾರಿ ಇದೆ. ಅಂತರದ ಮೂರನೇ ಒಂದು ಭಾಗವನ್ನು ಕೆಳಗಿನ ಸಂಖ್ಯೆಗೆ ಕೂಡಿಸಬೇಕು. ಮೊದಲನೆಯವರಿಗೆ 72ಕ್ಕೆ ಸುಮಾರು 31 ಕೂಡಿಸಿದರೆ 103. ಎರಡನೆಯವರಿಗೆ 92ಕ್ಕೆ ಸುಮಾರು 11 ಕೂಡಿಸಿದರೆ ಅದೂ 103. ಸರಾಸರಿ ಇಬ್ಬರಿಗೂ ಒಂದೇ! ಸರಾಸರಿಯನ್ನು ಹೆಚ್ಚಾಗಿ ನಿರ್ಧರಿಸುವುದು ಸಣ್ಣ ಸಣ್ಣ ನಾಳಗಳ ಬಿಗಿತ. ಅಂತರ ದೊಡ್ಡದಾಗುವುದಕ್ಕೆ ಮುಖ್ಯ ಕಾರಣ ದೊಡ್ಡ ನಾಳಗಳು, ಅದರಲ್ಲೂ ಅಯೋರ್ಟಾ. ಹೃದಯದಿಂದ ಹೊರಡುವ ಮೊದಲ ನಾಳ ಅದು. ಅದು ಪೆಡಸಾದರೆ ಮೇಲಿನ ಸಂಖ್ಯೆ ಏರುತ್ತದೆ, ಕೆಳಗಿನದು ಇಳಿಯುತ್ತದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 1948ರಿಂದ ನಡೆಯುತ್ತಿರುವ ದೊಡ್ಡ ಅಧ್ಯಯನದಲ್ಲೂ ಹೀಗೇ ಕಂಡಿತು. ಮೇಲಿನ ಬಿಪಿ ವಯಸ್ಸಾದಂತೆ ಏರುತ್ತಲೇ ಹೋಗುತ್ತದೆ. ಕೆಳಗಿನದು 50-60 ದಾಟಿದ ಮೇಲೆ ಇಳಿಯತೊಡಗುತ್ತದೆ. "ನನ್ನ ಕೆಳಗಿನ ಬಿಪಿ 70, ಭಾರೀ ಚೆನ್ನಾಗಿದೆ" ಅಂತ ಖುಷಿಪಡುವ ಹಿರಿಯರನ್ನು ನೋಡಿದಾಗ ನನಗೆ ಸ್ವಲ್ಪ ಕಸಿವಿಸಿ ಆಗುತ್ತದೆ. ಮೇಲಿನದು 120 ಇದ್ದರೆ ಖುಷಿಪಡಿ. 165 ಇದ್ದರೆ ಆ 70 ಒಳ್ಳೆಯ ಸುದ್ದಿಯಲ್ಲ.

ಯಾಕೆ ಹೀಗೆ ಅನ್ನುವುದಕ್ಕೆ ಒಂದು ಹಳೆಯ ಕಥೆ ಹೇಳುತ್ತೇನೆ. ಲಂಡನ್ ಹತ್ತಿರದ ಟೆಡಿಂಗ್ಟನ್‌ನಲ್ಲಿ ಸ್ಟೀಫನ್ ಹೇಲ್ಸ್ ಅಂತ ಒಬ್ಬ ಪಾದ್ರಿ ಇದ್ದರು. ಒಂದು ಹೆಣ್ಣು ಕುದುರೆಯ ರಕ್ತನಾಳಕ್ಕೆ ಉದ್ದನೆಯ ಗಾಜಿನ ಕೊಳವೆ ಜೋಡಿಸಿ ರಕ್ತ ಎಷ್ಟು ಮೇಲೇರುತ್ತದೆ ಅಂತ ನೋಡಿದವರು. ಎಂಟು ಅಡಿಗೂ ಮೇಲೆ ಏರಿತು. ಪಾಪ, ಕುದುರೆ. 1733ರಲ್ಲಿ ಇದನ್ನೆಲ್ಲ ಪುಸ್ತಕ ಮಾಡಿದರು. ಹೃದಯ ಬಿಟ್ಟು ಬಿಟ್ಟು ತಳ್ಳಿದರೂ ಸಣ್ಣ ನಾಳಗಳಲ್ಲಿ ರಕ್ತ ನಿಲ್ಲದೆ ಹರಿಯುವುದು ಹೇಗೆ ಅನ್ನುವುದು ಅವರ ಪ್ರಶ್ನೆ. ಆ ಕಾಲದ ಬೆಂಕಿ ಆರಿಸುವ ಪಂಪಿನಲ್ಲಿ ಒಂದು ಗಾಳಿ ಕೋಣೆ ಇರುತ್ತಿತ್ತು. ನಾಳಗಳೂ ಅದೇ ಕೆಲಸ ಮಾಡುತ್ತವೆ ಅಂದರು ಅವರು.

ಆ ಪಂಪನ್ನು ನಾವು ನೋಡಿಲ್ಲ. ಆದರೆ ಅಡಿಕೆ ತೋಟ ಇರುವವರಿಗೆ ಬೋರ್ಡೋ ಹೊಡೆಯುವ ಕೈಪಂಪು ಗೊತ್ತಿದೆ ಅಲ್ವಾ? ಕೆಳಗೆ ನಿಂತವನು ಹಿಡಿಕೆಯನ್ನು ಹಿಂದೆ ಮುಂದೆ ದೂಡುತ್ತಾನೆ. ಮರದ ಮೇಲಿರುವವನ ನಳಿಕೆಯಲ್ಲಿ ಔಷಧಿ ಮಾತ್ರ ಒಂದೇ ಸಮನೆ ಬರುತ್ತದೆ. ಪಂಪಿಗೆ ಜೋಡಿಸಿರುವ ಹಂಡೆಯಲ್ಲಿ ಗಾಳಿ ಒತ್ತಿಕೊಂಡಿರುತ್ತದೆ. ದೂಡಿದಾಗ ಒತ್ತಡ ಕೂಡಿಟ್ಟುಕೊಳ್ಳುತ್ತದೆ, ದೂಡದಿದ್ದಾಗ ಬಿಟ್ಟುಕೊಡುತ್ತದೆ. ಆ ಹಂಡೆಯಲ್ಲಿ ಗಾಳಿಯೇ ಇಲ್ಲ ಅಂತಾದರೆ ಔಷಧಿ ಚಿಳ್ ಚಿಳ್ ಅಂತ ಬಿಟ್ಟು ಬಿಟ್ಟು ಚಿಮ್ಮುತ್ತದೆ. ದೂಡುವವನ ರಟ್ಟೆಯೂ ಬೇಗ ಸೋಲುತ್ತದೆ.

ಅಯೋರ್ಟಾ ಮಾಡುವುದು ಇದೇ ಕೆಲಸ. ಹೃದಯ ಒಂದು ಸಲಕ್ಕೆ ಸುಮಾರು 70 ಮಿಲಿಲೀಟರ್ ರಕ್ತ ಹೊರಗೆ ಹಾಕುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ತಕ್ಷಣ ಮುಂದೆ ಹೋಗುವುದಿಲ್ಲ. ಅಯೋರ್ಟಾ ಮತ್ತು ದೊಡ್ಡ ನಾಳಗಳು ಹಿಗ್ಗಿ ಅದಕ್ಕೆ ಜಾಗ ಕೊಡುತ್ತವೆ. ಹೃದಯ ಸಡಿಲವಾದಾಗ ಅವು ಕುಗ್ಗಿ ಆ ರಕ್ತವನ್ನು ಮುಂದೆ ದೂಡುತ್ತವೆ. ಈ ಹಿಗ್ಗುವಿಕೆ ಬರುವುದು ಗೋಡೆಯಲ್ಲಿರುವ ಇಲಾಸ್ಟಿನ್ ಅನ್ನುವ ಎಳೆಗಳಿಂದ. ಇದನ್ನು ಮೈ ತಯಾರಿಸುವುದು ಬಹುಪಾಲು ಗರ್ಭದಲ್ಲಿ ಮತ್ತು ಬಾಲ್ಯದಲ್ಲಿ. ದೊಡ್ಡವರಾದ ಮೇಲೆ ಹೊಸದು ಹುಟ್ಟುವುದು ತೀರಾ ಕಡಿಮೆ. ಚಿಕ್ಕಂದಿನಲ್ಲಿ ಸಿಕ್ಕ ಗಂಟನ್ನೇ ಜೀವಮಾನ ಪೂರ್ತಿ ಖರ್ಚು ಮಾಡಬೇಕು. ನಿಮಿಷಕ್ಕೆ 70 ಬಡಿತ ಅಂದರೆ ವರ್ಷಕ್ಕೆ ಸುಮಾರು 3.7 ಕೋಟಿ ಸಲ ಆ ಎಳೆಗಳು ಹಿಗ್ಗಿ ಕುಗ್ಗುತ್ತವೆ. 60 ವರ್ಷಕ್ಕೆ 200 ಕೋಟಿ ದಾಟುತ್ತದೆ. ಎಳೆಗಳು ತುಂಡಾಗುತ್ತವೆ. ಆ ಭಾರ ಗೋಡೆಯಲ್ಲಿರುವ ಕೊಲ್ಯಾಜನ್ ಅನ್ನುವ ಬಿಗಿಯಾದ ಎಳೆಗಳ ಮೇಲೆ ಬೀಳುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಸಕ್ಕರೆಯ ಅಂಶ ಈ ಕೊಲ್ಯಾಜನ್ ಎಳೆಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಕಿಡ್ನಿ ಕಾಯಿಲೆ ಇದ್ದರೆ ಗೋಡೆಯಲ್ಲಿ ಕ್ಯಾಲ್ಸಿಯಂ ಕೂರುತ್ತದೆ.

ಪೆಡಸುತನ ಅಳೆಯುವುದು ಹೇಗೆ? ಕತ್ತಿನಲ್ಲಿ ಒಂದು ಕಡೆ, ತೊಡೆಸಂದಿಯಲ್ಲಿ ಒಂದು ಕಡೆ ನಾಡಿ ಹಿಡಿದು, ಬಡಿತ ಅಲ್ಲಿಂದ ಇಲ್ಲಿಗೆ ಬರಲು ಎಷ್ಟು ಹೊತ್ತು ತೆಗೆದುಕೊಂಡಿತು ಅಂತ ನೋಡುತ್ತಾರೆ. ಇದು ರಕ್ತ ಹರಿಯುವ ವೇಗವಲ್ಲ, ಗೋಡೆಯಲ್ಲಿ ಸಾಗುವ ಅಲೆಯ ವೇಗ. ಮೆತ್ತಗಿನ ನಾಳದಲ್ಲಿ ಅಲೆ ನಿಧಾನ, ಪೆಡಸಾದ ನಾಳದಲ್ಲಿ ಚುರುಕು. ಇಪ್ಪತ್ತರ ಹರೆಯದಲ್ಲಿ ಸೆಕೆಂಡಿಗೆ ಸುಮಾರು 6 ಮೀಟರ್. 10 ದಾಟಿದರೆ ಪೆಡಸು ಜಾಸ್ತಿಯಾಗಿದೆ ಅಂತ ಲೆಕ್ಕ. 1878ರಲ್ಲಿ ಮೋನ್ಸ್ ಮತ್ತು ಕೋರ್ಟವೆಗ್ ಕಟ್ಟಿದ ಸೂತ್ರದ ಪ್ರಕಾರ, ಉಳಿದದ್ದೆಲ್ಲ ಹಾಗೇ ಇದ್ದು ವೇಗ ಎರಡು ಪಟ್ಟಾಯಿತು ಅಂದರೆ ಪೆಡಸುತನ ನಾಲ್ಕು ಪಟ್ಟಾಗಿದೆ. ಈ ಪರೀಕ್ಷೆ ನಮ್ಮಲ್ಲಿ ಎಲ್ಲ ಕಡೆ ಸಿಗುವುದಿಲ್ಲ. ಐಐಟಿ ಮದ್ರಾಸ್‌ನವರು ಆರ್ಟ್‌ಸೆನ್ಸ್ ಅಂತ ಒಂದು ಸಣ್ಣ ಉಪಕರಣ ಮಾಡಿದ್ದಾರೆ. ಸಿಗದಿದ್ದರೂ ಚಿಂತೆಯಿಲ್ಲ, ಬಿಪಿ ಸಂಖ್ಯೆಗಳ ಅಂತರವೇ ಒಂದು ಅಂದಾಜು ಕೊಡುತ್ತದೆ. ವಯಸ್ಸಾದವರಲ್ಲಿ ಅದು 60 ಅಥವಾ ಮೇಲಿದ್ದರೆ ಗಮನ ಕೊಡಬೇಕು.

ನಾಡಿಯ ಮಾತು ಬಂದಾಗ ಒಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. ಫ್ರೆಡರಿಕ್ ಅಕ್ಬರ್ ಮೊಹಮದ್. ಲಂಡನ್‌ನ ಗೈಸ್ ಆಸ್ಪತ್ರೆಯ ವೈದ್ಯರು. ಅವರ ಅಜ್ಜ ಪಾಟ್ನಾದಿಂದ ಹೋದ ಸೇಕ್ ದೀನ್ ಮೊಹಮದ್. 1810ರಲ್ಲಿ ಲಂಡನ್‌ನಲ್ಲಿ ಹಿಂದೂಸ್ತಾನಿ ಕಾಫಿ ಹೌಸ್ ತೆರೆದವರು, ಆಮೇಲೆ ಬ್ರೈಟನ್‌ನಲ್ಲಿ ಶಾಂಪೂ ಸ್ನಾನದ ಮನೆ ನಡೆಸಿದವರು. ಮೊಮ್ಮಗ ನಾಡಿಯ ಅಲೆಯನ್ನು ಕಾಗದದ ಮೇಲೆ ಬರೆಯುವ ಯಂತ್ರವನ್ನು ಸುಧಾರಿಸಿದರು. ಅಲೆಯ ಆಕಾರ ನೋಡಿಯೇ ಒತ್ತಡ ಜಾಸ್ತಿ ಇದೆ, ನಾಳ ಮುಪ್ಪಾಗಿದೆ ಅಂತ ಹೇಳಬಹುದು ಎಂದು 1870ರ ದಶಕದಲ್ಲೇ ತೋರಿಸಿದರು. ಕೈಪಟ್ಟಿ ಕಟ್ಟಿ ಬಿಪಿ ನೋಡುವ ಸಾಧನ ಆಗ ಇನ್ನೂ ಬಂದೇ ಇರಲಿಲ್ಲ! ಕಿಡ್ನಿ ಸರಿಯಿದ್ದವರಲ್ಲೂ ಒತ್ತಡ ಏರಬಹುದು ಅಂತ ಗುರುತಿಸಿದವರಲ್ಲಿ ಅವರು ಮೊದಲಿಗರು. 1884ರಲ್ಲಿ ಟೈಫಾಯ್ಡ್ ಬಂದು ತೀರಿಕೊಂಡರು. ವಯಸ್ಸು ಬರೀ 35.

ಸರಿ, ಈಗ ಹೃದಯಕ್ಕೆ ಬರೋಣ. ಅಯೋರ್ಟಾ ಹಿಗ್ಗುವುದಿಲ್ಲ ಅಂದರೆ ಅಷ್ಟೇ ರಕ್ತ ತಳ್ಳಲು ಹೃದಯ ಹೆಚ್ಚು ಒತ್ತಡ ಹುಟ್ಟಿಸಬೇಕು. ಕೆಳಗಿನ ನಾಳಗಳಿಗೆ ಬಡಿದು ವಾಪಸ್ ಬರುವ ಅಲೆಯೂ ಬೇಗ ಬರುತ್ತದೆ. ಹೃದಯ ಇನ್ನೂ ತಳ್ಳುತ್ತಿರುವಾಗಲೇ ಎದುರಾಗುತ್ತದೆ. ಈ ವಾಪಸ್ ಅಲೆಯ ಪಾಲು ಎಷ್ಟು ಅನ್ನುವುದರಲ್ಲಿ ತಜ್ಞರಲ್ಲಿ ಜಗಳ ಇದೆ, ಅದು ನಮಗೆ ಬೇಡ. ಹೊರೆ ಹೆಚ್ಚುತ್ತದೆ ಅನ್ನುವುದರಲ್ಲಿ ಜಗಳ ಇಲ್ಲ. ಒತ್ತಡ ಏರಿದರೆ ಗೋಡೆಯ ಪ್ರತಿ ಎಳೆಯ ಮೇಲಿನ ಎಳೆತ ಏರುತ್ತದೆ. ಗೋಡೆ ದಪ್ಪವಾದರೆ ಎಳೆತ ಹಂಚಿಹೋಗುತ್ತದೆ. ಹೃದಯ ಮಾಡುವುದು ಅದನ್ನೇ. ಸ್ನಾಯುವಿನ ಕಣಗಳ ಸಂಖ್ಯೆ ಹೆಚ್ಚುವುದಿಲ್ಲ, ಇದ್ದ ಕಣಗಳೇ ದಪ್ಪಗಾಗುತ್ತವೆ. ನಡುವೆ ನಾರು ಬೆಳೆಯುತ್ತದೆ. ಮೊದಲಿಗೆ ಇದು ಉಪಾಯವೇ. ಆದರೆ ದಪ್ಪಗಾದ, ನಾರು ತುಂಬಿದ ಗೋಡೆ ಸಡಿಲವಾಗಲು ಒದ್ದಾಡುತ್ತದೆ. ರಕ್ತ ತುಂಬಿಸಲು ಮೇಲಿನ ಕೋಣೆ ಜೋರಾಗಿ ಒತ್ತಬೇಕು. ಆ ಕೋಣೆ ಕ್ರಮೇಣ ಹಿಗ್ಗುತ್ತದೆ. ಹಿಗ್ಗಿದ ಮೇಲ್ಕೋಣೆಯಲ್ಲಿ ಬಡಿತ ತಾಳ ತಪ್ಪುತ್ತದೆ, ಅದೇ ಏಟ್ರಿಯಲ್ ಫಿಬ್ರಿಲೇಷನ್. ಒತ್ತಡ ಅಲ್ಲಿಂದ ಶ್ವಾಸಕೋಶಕ್ಕೆ ಹಿಮ್ಮೆಟ್ಟುತ್ತದೆ. ನಮ್ಮ ರಿಪೋರ್ಟಿನ ಹೆಂಗಸಿಗೆ ಮೆಟ್ಟಿಲಲ್ಲಿ ಏದುಸಿರು ಬರುವುದು ಹೀಗೆ, ಇಎಫ್ 62 ಇದ್ದರೂ. ಪಾಶ್ಚಾತ್ಯ ದೇಶಗಳಲ್ಲಿ ಹಾರ್ಟ್ ಫೇಲ್ಯೂರ್ ಆದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಇಎಫ್ ಚೆನ್ನಾಗೇ ಇರುತ್ತದೆ. ಅವರಲ್ಲಿ ವಯಸ್ಸಾದ ಹೆಂಗಸರು ಜಾಸ್ತಿ.

ಇನ್ನೊಂದು ಹೊಡೆತ ಇದೆ. ಹೃದಯದ ಸ್ನಾಯುವಿಗೆ ಸ್ವಂತಕ್ಕೂ ರಕ್ತ ಬೇಕಲ್ಲ. ಎಡ ಕೋಣೆಯ ಸ್ನಾಯುವಿಗೆ ಅದು ಬರುವುದು ಬಹುಮಟ್ಟಿಗೆ ಹೃದಯ ಸಡಿಲವಾಗಿರುವಾಗ. ಆ ಹೊತ್ತಿನ ಒತ್ತಡವೇ ಬಿಪಿಯ ಕೆಳಗಿನ ಸಂಖ್ಯೆ. ಅಯೋರ್ಟಾ ಪೆಡಸಾಗಿ ಅದು ಇಳಿದಿದೆ. ಸ್ನಾಯು ದಪ್ಪವಾಗಿ ಹಸಿವು ಜಾಸ್ತಿಯಾಗಿದೆ, ಊಟ ಮಾತ್ರ ಕಡಿಮೆ. ಮೊದಲು ಕೊರತೆ ಕಾಣುವುದು ಗೋಡೆಯ ಒಳಪದರಕ್ಕೆ. ಹೃದಯಕ್ಕೆ ರಕ್ತ ಕೊಡುವ ಕೊರೊನರಿ ನಾಳದಲ್ಲಿ ಬ್ಲಾಕ್ ಇಲ್ಲದೆಯೂ ಹೀಗಾಗಬಹುದು. 1990ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ನಾಯಿಗಳ ಮೇಲೆ ಒಂದು ಪ್ರಯೋಗ ನಡೆಯಿತು. ಹೃದಯದ ರಕ್ತ ಅಯೋರ್ಟಾ ಬಿಟ್ಟು ಪೆಡಸಾದ ಕೊಳವೆಯಲ್ಲಿ ಹೋಗುವಂತೆ ಮಾಡಿದರು. ಅಷ್ಟೇ ಕೆಲಸಕ್ಕೆ ಹೃದಯ ಹೆಚ್ಚು ಆಮ್ಲಜನಕ ಕೇಳಿತು.

ನನಗೆ ಬಹಳ ಕುತೂಹಲ ಹುಟ್ಟಿಸಿದ್ದು ಇನ್ನೊಂದು ಸಂಗತಿ. ಹೃದಯ ಹಿಂಡುವಾಗ ಸುತ್ತಲಿಂದ ಮಾತ್ರ ಹಿಂಡುವುದಿಲ್ಲ, ಉದ್ದಕ್ಕೂ ಕುಗ್ಗುತ್ತದೆ. ಅದರ ತುದಿ ಹೆಚ್ಚು ಅಲುಗಾಡುವುದಿಲ್ಲ. ಮೇಲಿನ ಭಾಗ ಕೆಳಗೆ ಇಳಿಯುತ್ತದೆ. ಅದಕ್ಕೆ ಅಂಟಿಕೊಂಡ ಅಯೋರ್ಟಾದ ಬುಡವೂ ಪ್ರತಿ ಬಡಿತಕ್ಕೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಕೆಳಗೆ ಎಳೆಯಲ್ಪಡುತ್ತದೆ. ಎಳೆ ವಯಸ್ಸಿನ ಅಯೋರ್ಟಾ ಸುಲಭವಾಗಿ ಉದ್ದವಾಗುತ್ತದೆ. ಹೃದಯ ಸಡಿಲವಾದಾಗ ಮತ್ತೆ ಮೇಲಕ್ಕೆ ಜಿಗಿದು ಎಡ ಕೋಣೆ ತೆರೆದುಕೊಳ್ಳಲು ಕೈಜೋಡಿಸುತ್ತದೆ. ಪೆಡಸಾದರೆ ಕೆಳಗೆ ಎಳೆಯುವುದೇ ಒಂದು ಕೆಲಸ, ವಾಪಸ್ ಬರುವ ಸಹಾಯವೂ ಕಡಿಮೆ. ಇನ್ನೂ ಒಂದಿದೆ. ವಯಸ್ಸಾದಂತೆ ಅಯೋರ್ಟಾ ಉದ್ದವಾಗುತ್ತದೆ, ಅಗಲವೂ ಆಗುತ್ತದೆ. ಎದೆಯ ಎಕ್ಸ್‌ರೇಯಲ್ಲಿ "ಅನ್‌ಫೋಲ್ಡೆಡ್ ಅಯೋರ್ಟಾ" ಅಂತ ಬರೆಯುವುದು ಅದಕ್ಕೇ. ಅದು ಉದ್ದವಾದಾಗ ಹೃದಯದ ನಡುಗೋಡೆಯ ಜೊತೆಗಿನ ಅದರ ಕೋನ ಬದಲಾಗುತ್ತದೆ, ನಡುಗೋಡೆಯ ಮೇಲ್ಭಾಗ ಒಳಕ್ಕೆ ಉಬ್ಬುತ್ತದೆ. ರಿಪೋರ್ಟಿನಲ್ಲಿ "ಸಿಗ್ಮಾಯ್ಡ್ ಸೆಪ್ಟಮ್" ಅಂತ ಕಂಡು ಗಾಬರಿಯಾದವರಿದ್ದರೆ, ಬಹುಪಾಲು ಸಂದರ್ಭಗಳಲ್ಲಿ ಅದು ಇಷ್ಟೇ.

ಹಾಗಾದರೆ ತಪ್ಪೆಲ್ಲ ಅಯೋರ್ಟಾದ್ದೇ? ಅಷ್ಟು ಸುಲಭವಾಗಿ ಹೇಳುವಂತಿಲ್ಲ. ಬಿಪಿ ಏರಿದರೆ ನಾಳ ಪೆಡಸಾಗುತ್ತದೆ, ಗೋಡೆಯೂ ದಪ್ಪವಾಗುತ್ತದೆ. ವಯಸ್ಸು, ಸಕ್ಕರೆ, ಕಿಡ್ನಿ ತೊಂದರೆ ಎರಡನ್ನೂ ಒಟ್ಟಿಗೇ ಹಾಳು ಮಾಡುತ್ತವೆ. ಆದರೆ ಫ್ರೇಮಿಂಗ್‌ಹ್ಯಾಮ್‌ನವರು 2012ರಲ್ಲಿ ಒಂದು ವಿಷಯ ತೋರಿಸಿದರು. ಅಯೋರ್ಟಾ ಪೆಡಸಾಗಿದ್ದವರಿಗೆ ಮುಂದೆ ಬಿಪಿ ಬರುವ ಸಂಭವ ಜಾಸ್ತಿ ಇತ್ತು. ಆದರೆ ಶುರುವಿನಲ್ಲಿ ಬಿಪಿ ಜಾಸ್ತಿ ಇದ್ದವರಿಗೆ ಮುಂದೆ ಪೆಡಸುತನ ಹೆಚ್ಚುವ ಸಂಭವ ಹಾಗೆ ಕಾಣಲಿಲ್ಲ. ನಾಳ ಮೊದಲು, ಬಿಪಿ ಆಮೇಲೆ ಅನ್ನುವ ಕಡೆಗೇ ನನ್ನ ಒಲವು.

ಏನು ಮಾಡಬಹುದು ಅನ್ನುವುದು ನಿಮಗೆಲ್ಲ ಗೊತ್ತಿರುವುದೇ, ಬೇಗ ಹೇಳಿಬಿಡುತ್ತೇನೆ. ಬೀಡಿ, ಸಿಗರೇಟು ಬಿಡಿ. ನಡೆಯಿರಿ. 2000ನೇ ಇಸವಿಯಲ್ಲಿ ಬಂದ ಒಂದು ಅಧ್ಯಯನದಲ್ಲಿ, ವ್ಯಾಯಾಮದ ಅಭ್ಯಾಸವೇ ಇಲ್ಲದಿದ್ದ ನಡುವಯಸ್ಸಿನ ಮತ್ತು ವಯಸ್ಸಾದ ಗಂಡಸರು ಮೂರು ತಿಂಗಳು ಮುಖ್ಯವಾಗಿ ನಡಿಗೆ ಮಾಡಿದರು. ಅಷ್ಟಕ್ಕೇ ಕತ್ತಿನ ನಾಳ ಮೊದಲಿಗಿಂತ ಚೆನ್ನಾಗಿ ಹಿಗ್ಗತೊಡಗಿತು. ಉಪ್ಪಿನ ವಿಷಯದಲ್ಲಿ ಚೀನಾದಿಂದ 1985ರಲ್ಲಿ ಬಂದ ಹೋಲಿಕೆ ಒಂದಿದೆ. ಉಪ್ಪು ಜಾಸ್ತಿ ತಿನ್ನುವ ಬೀಜಿಂಗ್ ನಗರದವರಲ್ಲಿ ಅಲೆಯ ವೇಗ ಜಾಸ್ತಿ ಇತ್ತು, ಉಪ್ಪು ಕಡಿಮೆ ತಿನ್ನುವ ದಕ್ಷಿಣದ ಹಳ್ಳಿಯವರಲ್ಲಿ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಚಹಾ ಚಮಚದಷ್ಟು. ಸಾರಿಗೆ ಹಾಕುವ ಉಪ್ಪಷ್ಟೇ ಅಲ್ಲ. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಬೇಕರಿ ತಿಂಡಿ ಎಲ್ಲ ಸೇರಿ.

ಮಾತ್ರೆಗಳಿಂದ ದಪ್ಪಗಾದ ಗೋಡೆ ಸ್ವಲ್ಪ ಮಟ್ಟಿಗೆ ಇಳಿಯುತ್ತದೆ, ಇದು ಖಚಿತ. 2002ರ ಲೈಫ್ ಅಧ್ಯಯನದಲ್ಲಿ ಇಸಿಜಿಯಲ್ಲಿ ಗೋಡೆ ದಪ್ಪಗಾಗಿದ್ದ 9193 ಜನರಿದ್ದರು. ಅರ್ಧ ಜನಕ್ಕೆ ಲೊಸಾರ್ಟನ್, ಅರ್ಧ ಜನಕ್ಕೆ ಅಟೆನೊಲಾಲ್. ಎರಡೂ ಬಿಪಿ ಮಾತ್ರೆಗಳೇ. ಬಿಪಿ ಇಬ್ಬರಲ್ಲೂ ಹೆಚ್ಚುಕಡಿಮೆ ಒಂದೇ ರೀತಿ ಇಳಿಯಿತು. ಆದರೆ ಲೊಸಾರ್ಟನ್ ತೆಗೆದುಕೊಂಡವರಲ್ಲಿ ಗೋಡೆ ಹೆಚ್ಚು ಇಳಿಯಿತು, ಪಾರ್ಶ್ವವಾಯು ಸುಮಾರು ಕಾಲು ಭಾಗ ಕಡಿಮೆಯಾಯಿತು. ಇದನ್ನು ಕೇಳಿ ಯಾರೂ ನಾಳೆ ಮಾತ್ರೆ ಬದಲಾಯಿಸಬೇಡಿ. ಅಟೆನೊಲಾಲ್ ಬೇಕಾದವರೂ ಇರುತ್ತಾರೆ. ದಿಢೀರ್ ನಿಲ್ಲಿಸಿದರೆ ಅಪಾಯ.

ಪ್ರಶ್ನೆಗಳು ಸುಮಾರು ಬಂದವು. ಮುಖ್ಯವಾದವನ್ನು ಇಲ್ಲಿ ಬರೆದಿದ್ದೇನೆ.

ಮೊದಲಿಗೆ ಒಬ್ಬರು ಅಮ್ಮ ಕೇಳಿದ್ದು: "ದಿನಾ ಬೆಳ್ಳುಳ್ಳಿ ತಿಂದರೆ ನಾಳ ಮೆತ್ತಗಾಗುತ್ತಂತೆ, ಹೌದಾ ಡಾಕ್ಟ್ರೇ?" ತಿನ್ನಿ ಅಮ್ಮ, ಒಗ್ಗರಣೆಗೆ ಚೆನ್ನಾಗಿರುತ್ತದೆ. ಮಾತ್ರೆ ಬಿಟ್ಟು ತಿನ್ನಬೇಡಿ.

ನಿವೃತ್ತ ಮೇಷ್ಟ್ರು ಒಬ್ಬರು ಕೇಳಿದರು: "ಮನೆಯಲ್ಲಿ ಬಿಪಿ ನೋಡುವಾಗ ಬರುವ ಸಂಖ್ಯೆಯೇ ಹೃದಯದ ಹತ್ತಿರವೂ ಇರುತ್ತದಾ?" ಒಳ್ಳೆಯ ಪ್ರಶ್ನೆ. ಇರಬೇಕಿಲ್ಲ. ಹರೆಯದವರಲ್ಲಿ ತೋಳಿನಲ್ಲಿ ಸಿಗುವ ಬಿಪಿಯ ಮೇಲಿನ ಸಂಖ್ಯೆ ಅಯೋರ್ಟಾದಲ್ಲಿರುವುದಕ್ಕಿಂತ ಜಾಸ್ತಿ ಇರುತ್ತದೆ. ವಯಸ್ಸಾದಂತೆ ಆ ವ್ಯತ್ಯಾಸ ಕಡಿಮೆಯಾಗುತ್ತದೆ. 2006ರ ಕೆಫೆ ಅಧ್ಯಯನದಲ್ಲಿ ಎರಡು ಬಗೆಯ ಚಿಕಿತ್ಸೆ ಪಡೆದವರಿಗೆ ತೋಳಿನ ಬಿಪಿ ಸುಮಾರು ಒಂದೇ ಇತ್ತು. ಅಯೋರ್ಟಾದ ಲೆಕ್ಕದಲ್ಲಿ ಮಾತ್ರ 4 ಅಂಕಗಳಷ್ಟು ವ್ಯತ್ಯಾಸ ಕಂಡಿತು. ದಿನದ ವ್ಯವಹಾರಕ್ಕೆ ತೋಳಿನ ಬಿಪಿ ಸಾಕು.

ಕೊನೆಯ ಪ್ರಶ್ನೆ ಎಲ್ಲರ ಮನಸ್ಸಿನಲ್ಲಿದ್ದದ್ದೇ. "ನನ್ನದು 170/70. ಮೇಲಿನದನ್ನು ಇಳಿಸಲು ಹೋದರೆ ಕೆಳಗಿನದು ಇನ್ನೂ ಇಳಿದುಹೋಗುವುದಿಲ್ವಾ? ಸುಮ್ನೆ ಬಿಟ್ಟರೆ ಒಳ್ಳೆಯದಲ್ವಾ?" ಈ ಭಯ ವೈದ್ಯರಿಗೂ ಇತ್ತು. ವಯಸ್ಸಿಗೆ ತಕ್ಕ ಬಿಪಿ ಅಂತ ಬಿಟ್ಟುಬಿಡುವ ಕಾಲವೊಂದಿತ್ತು. 1991ರಲ್ಲಿ ಬಂದ ಶೆಪ್ ಅಧ್ಯಯನ ಅದನ್ನು ಬದಲಾಯಿಸಿತು. 60 ದಾಟಿದ 4736 ಜನ. ಮೇಲಿನದು 160 ಅಥವಾ ಜಾಸ್ತಿ, ಕೆಳಗಿನದು 90ರ ಒಳಗೆ. ಅಗ್ಗದ ಮೂತ್ರದ ಮಾತ್ರೆಯೊಂದರಿಂದ ಶುರುಮಾಡಿದ ಚಿಕಿತ್ಸೆಗೆ ಪಾರ್ಶ್ವವಾಯು 36% ಕಡಿಮೆಯಾಯಿತು. ಹಾಗಾಗಿ ಬಿಡುವುದು ಬೇಡ. ಆದರೆ ಅವಸರವೂ ಬೇಡ. ಕಡಿಮೆ ಡೋಸಿನಿಂದ ಶುರುಮಾಡಿ ವಾರಗಟ್ಟಲೆ ನೋಡಿಕೊಂಡು ಏರಿಸಬೇಕು. ನೀವು ಮನೆಯಲ್ಲಿ ಮಾಡಬೇಕಾದ್ದು ಇಷ್ಟು. ಐದು ನಿಮಿಷ ಕೂತು ಬಿಪಿ ನೋಡಿ ಬರೆದಿಟ್ಟುಕೊಳ್ಳಿ. ಎದ್ದು ನಿಂತು ಒಂದು ನಿಮಿಷಕ್ಕೆ ಒಮ್ಮೆ, ಮೂರು ನಿಮಿಷಕ್ಕೆ ಇನ್ನೊಮ್ಮೆ ನೋಡಿ. ಪಕ್ಕದಲ್ಲಿ ಒಬ್ಬರು ಇರಲಿ. ನಿಂತಾಗ ಮೇಲಿನ ಸಂಖ್ಯೆ 20ರಷ್ಟು ಅಥವಾ ಕೆಳಗಿನದು 10ರಷ್ಟು ಇಳಿದರೆ, ಇಲ್ಲವೇ ತಲೆ ಸುತ್ತಿದರೆ, ಆ ಚೀಟಿಯನ್ನು ಮುಂದಿನ ಸಲ ವೈದ್ಯರಿಗೆ ತೋರಿಸಿ. ಮಾತ್ರೆ ಎಷ್ಟು, ಯಾವ ಹೊತ್ತಿಗೆ ಅನ್ನುವುದನ್ನು ಅವರು ಅದನ್ನು ನೋಡಿ ಹೊಂದಿಸುತ್ತಾರೆ.